ವಿಜ್ಞಾನ ವೇದಾಂತವನ್ನು ಒಪ್ಪಿಕೊಂಡಿದೆಯೇ? ಚೈತನ್ಯ ಮತ್ತು ಸೃಷ್ಟಿಯ ಬಗ್ಗೆ ಒಂದು ಉತ್ತರ

ಪ್ರಶ್ನೆ: ಇತ್ತೀಚೆಗೆ ಕೇಳಿದ ಪ್ರವಚನವೊಂದರಲ್ಲಿ, ಉಪನಿಷತ್ತುಗಳು ಹೇಳಿದ್ದನ್ನೇ ವಿಜ್ಞಾನ ಈಗ ಒಪ್ಪಿಕೊಂಡಿದೆ ಎಂದರು. ಬ್ರಹ್ಮನ ಹಗಲಾದ 432 ಕೋಟಿ ವರ್ಷವೇ ಭೂಮಿಯ ವಯಸ್ಸು, ಹಿರಣ್ಯಗರ್ಭವೇ ಮಹಾಸ್ಫೋಟ, ನೋಡುವವನಿಲ್ಲದೆ ಜಗತ್ತಿಲ್ಲವೆಂದು ಕ್ವಾಂಟಮ್ ಸಿದ್ಧಾಂತವೇ ಹೇಳುತ್ತದೆ, ಆದ್ದರಿಂದ ಚೈತನ್ಯ ಮೊದಲು, ಜಡ ಆಮೇಲೆ ಎಂಬುದು ಅವರ ವಾದ. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗಳು ಇದೆಲ್ಲ ಬರೀ ಬೊಗಳೆ ಎನ್ನುತ್ತಾಳೆ. ಯಾರ ಮಾತು ಸರಿ? (ಓದುಗರೊಬ್ಬರು, ಉಡುಪಿ)

ಉತ್ತರ: ಮಾನ್ಯರೇ, ನೀವು ಪಟ್ಟಿ ಮಾಡಿದ ನಾಲ್ಕು ಮಾತುಗಳಲ್ಲಿ ಮೊದಲ ಮೂರರ ಮಟ್ಟಿಗೆ ನಿಮ್ಮ ಮಗಳು ಹೇಳಿದ್ದೇ ಸರಿ. ನಾಲ್ಕನೆಯದರ ವಿಷಯದಲ್ಲಿ ಮಾತ್ರ ಆಕೆ ಸ್ವಲ್ಪ ತಡೆದು ಯೋಚಿಸಬೇಕು, ಏಕೆಂದರೆ ಚೈತನ್ಯದ ಪ್ರಶ್ನೆಗೆ ವಿಜ್ಞಾನದ ಬಳಿಯೂ ಸಿದ್ಧವಾದ ಉತ್ತರವಿಲ್ಲ, ಮತ್ತು ಅಲ್ಲಿ ನಮ್ಮ ದರ್ಶನಗಳು ನಡೆಸಿದ ಚರ್ಚೆಗೆ ಈಗಲೂ ಬೆಲೆಯಿದೆ. ಪ್ರವಚನದ ವಾದ ಎಡವುವುದು ವಿಜ್ಞಾನದಲ್ಲಿ ಎಂದು ನೀವು ಭಾವಿಸಿರಬಹುದು. ನನ್ನ ದೃಷ್ಟಿಯಲ್ಲಿ ಅದು ಅದಕ್ಕೂ ಮೊದಲು ಶಾಸ್ತ್ರದಲ್ಲೇ ಎಡವಿದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಚೈತನ್ಯವೊಂದೇ ನಿಜ, ಜಗತ್ತು ಅದರ ತೋರಿಕೆ ಎಂಬ ಮಾತು ಉಡುಪಿಯಲ್ಲಿ ‘ಹಿಂದೂ ತತ್ತ್ವಶಾಸ್ತ್ರದ ನಿಲುವು’ ಎಂಬ ಹೆಸರಿನಲ್ಲಿ ಸಲೀಸಾಗಿ ಸಾಗುತ್ತದೆಂಬುದು ನನಗೆ ಪ್ರತಿಸಲವೂ ಸೋಜಿಗ ತರುವ ಸಂಗತಿ. ಹದಿಮೂರನೆಯ ಶತಮಾನದಲ್ಲಿ ಇಲ್ಲಿಗೆ ಸಮೀಪದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ತಮ್ಮ ಜೀವಮಾನವಿಡೀ ವಾದಿಸಿದ್ದು ಇದಕ್ಕೆ ವಿರುದ್ಧವಾಗಿ. ಅವರ ಮತದಲ್ಲಿ ಜಗತ್ತು ಸತ್ಯ. ಈಶ್ವರ, ಜೀವ, ಜಡ ಇವುಗಳ ನಡುವಿನ ಐದು ಬಗೆಯ ಭೇದಗಳೂ ಸತ್ಯ. ಜಡವು ಚೈತನ್ಯದಿಂದ ಹುಟ್ಟಿದ್ದಲ್ಲ, ಚೈತನ್ಯವು ಜಡದಿಂದ ಹುಟ್ಟಿದ್ದೂ ಅಲ್ಲ. ಕುಂಬಾರ ಮಡಕೆಗೆ ಕಾರಣನಾಗುವಂತೆ ವಿಷ್ಣು ಜಗತ್ತಿಗೆ ನಿಮಿತ್ತ ಕಾರಣ ಮಾತ್ರ, ಮಣ್ಣಿನಂತೆ ಅದರ ಉಪಾದಾನವಾಗಿರುವುದು ಜಡವಾದ ಪ್ರಕೃತಿಯೇ. ಅಷ್ಟಮಠಗಳ ಯಾವ ಪಾಠಶಾಲೆಯಲ್ಲೇ ಆಗಲಿ, ‘ನೋಡುವವನಿಲ್ಲದೆ ಜಗತ್ತಿಲ್ಲ’ ಎಂಬ ಮಾತು ಖಂಡಿಸಲೆಂದೇ ಎತ್ತಿಕೊಳ್ಳುವ ಪೂರ್ವಪಕ್ಷ.

ಹಾಗಾದರೆ ಅದು ಶಂಕರರ ಮತವಾಗಿರಬೇಕು ಎಂದು ನೀವು ಕೇಳಬಹುದು. ಶಂಕರರೂ ಅದನ್ನು ಅಷ್ಟು ಸುಲಭವಾಗಿ ಒಪ್ಪುವವರಲ್ಲ. ‘ನಾಭಾವ ಉಪಲಬ್ಧೇಃ’ ಎಂಬ ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆಯುವಾಗ ಅವರು, ಅರಿವಿನ ಹೊರಗೆ ವಸ್ತುವೇ ಇಲ್ಲವೆನ್ನುವ ಬೌದ್ಧ ವಿಜ್ಞಾನವಾದಿಗಳನ್ನು ಎದುರಿಗಿಟ್ಟುಕೊಂಡು, ಕಂಬವನ್ನು ಕಂಡವನು ಕಂಬವನ್ನು ಕಂಡೆನೆನ್ನುತ್ತಾನೆಯೇ ಹೊರತು ತನ್ನ ಜ್ಞಾನವನ್ನೇ ಕಂಡೆನೆನ್ನುವುದಿಲ್ಲ, ಆದ್ದರಿಂದ ಹೊರಗಿನ ವಸ್ತು ಇಲ್ಲವೆನ್ನಲಾಗದು ಎಂದು ಸ್ಪಷ್ಟವಾಗಿಯೇ ವಾದಿಸುತ್ತಾರೆ. ಅವರಿಗೆ ಜಗತ್ತು ಪಾರಮಾರ್ಥಿಕವಾಗಿ ಮಿಥ್ಯೆ, ಆದರೆ ವ್ಯವಹಾರದಲ್ಲಿ ಅದು ನಿಮ್ಮ ನನ್ನ ನೋಟವನ್ನು ಕಾದು ನಿಂತಿರುವಂಥದ್ದಲ್ಲ. ನೋಟವೇ ಸೃಷ್ಟಿ ಎಂಬ ದೃಷ್ಟಿಸೃಷ್ಟಿವಾದವನ್ನು ಮುಂದೆ ಅದ್ವೈತಿಗಳಲ್ಲಿ ಕೆಲವರು ಎತ್ತಿ ಹಿಡಿದರು ನಿಜ. ಅದು ಅದ್ವೈತದೊಳಗಿನ ಒಂದು ಕವಲು.

ಉಳಿದ ದರ್ಶನಗಳನ್ನೂ ಸೇರಿಸಿಕೊಂಡರೆ ಚಿತ್ರ ಇನ್ನಷ್ಟು ಬದಲಾಗುತ್ತದೆ. ಸಾಂಖ್ಯರಿಗೆ ಚೇತನವಾದ ಪುರುಷ ಮತ್ತು ಜಡವಾದ ಪ್ರಕೃತಿ ಎರಡೂ ಅನಾದಿ. ನ್ಯಾಯದರ್ಶನದವರಾದ ನೈಯಾಯಿಕರಿಗೆ ಜ್ಞಾನವು ಆತ್ಮನಲ್ಲಿ ಬಂದುಹೋಗುವ ಒಂದು ಗುಣ, ಮೋಕ್ಷದಲ್ಲಿ ಅದೂ ಇರುವುದಿಲ್ಲ. ಮೀಮಾಂಸಕರಂತೂ ಜಗತ್ತಿಗೆ ಒಟ್ಟಾದ ಸೃಷ್ಟಿಯನ್ನೂ ಪ್ರಳಯವನ್ನೂ ಒಪ್ಪುವುದಿಲ್ಲ, ಜಗತ್ತು ಹೀಗಲ್ಲದೆ ಬೇರೆ ಬಗೆಯಲ್ಲಿ ಎಂದೂ ಇರಲಿಲ್ಲ ಎಂಬುದು ಅವರ ಪ್ರಸಿದ್ಧ ನಿಲುವು. ಕಿಣ್ವ ಬೆರೆತಾಗ ಮದಶಕ್ತಿ ಹುಟ್ಟುವಂತೆ ಭೂತಗಳ ಸಂಯೋಗದಿಂದ ಚೈತನ್ಯ ಹುಟ್ಟುತ್ತದೆ ಎಂದ ಚಾರ್ವಾಕರೂ ಇದೇ ನೆಲದವರು. ಇಂದಿನ ನರವಿಜ್ಞಾನಿಗಳಲ್ಲಿ ಹೆಚ್ಚಿನವರು ಚಾರ್ವಾಕರ ಪಕ್ಕದಲ್ಲಿ ಕುಳಿತುಕೊಳ್ಳುವವರೇ. ಹೀಗಿರುವಾಗ ವಿಜ್ಞಾನವು ಹಿಂದೂ ದರ್ಶನವನ್ನು ಒಪ್ಪಿಕೊಂಡಿದೆ ಎಂದರೆ ಯಾವ ದರ್ಶನವನ್ನು ಎಂದು ಮೊದಲು ಕೇಳಬೇಕಾಗುತ್ತದೆ.

ಇನ್ನು 432 ಕೋಟಿಯ ಮಾತು. ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಎರಡೂ ಹತ್ತಿರ ಹತ್ತಿರ ಇರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಕಲ್ಪವೆಂಬುದು ಹಗಲಿನ ಪೂರ್ತಿ ಅವಧಿ, ಅದರಲ್ಲಿ ಈವರೆಗೆ ಕಳೆದದ್ದೆಷ್ಟೆಂದು ಮನೆಯ ಪೂಜೆಯಲ್ಲಿ ನೀವೇ ಹೇಳುವ ಸಂಕಲ್ಪದಲ್ಲಿದೆ. ‘ದ್ವಿತೀಯಪರಾರ್ಧೇ ಶ್ರೀಶ್ವೇತವರಾಹಕಲ್ಪೇ ವೈವಸ್ವತಮನ್ವಂತರೇ’ ಎಂದು ಪುರೋಹಿತರು ಹೇಳಿಸುವಾಗ ಅದೊಂದು ವಿಳಾಸ. ಹದಿನಾಲ್ಕು ಮನ್ವಂತರಗಳಲ್ಲಿ ಆರು ಮುಗಿದು ಏಳನೆಯದು ನಡೆಯುತ್ತಿದೆ, ಅದರಲ್ಲೂ 27 ಮಹಾಯುಗಗಳು ಕಳೆದು 28ನೆಯದರ ಕಲಿಯುಗದಲ್ಲಿ ನಾವಿದ್ದೇವೆ. ಮನ್ವಂತರವೊಂದಕ್ಕೆ 43.2 ಲಕ್ಷ ವರ್ಷಗಳ 71 ಮಹಾಯುಗಗಳು, ನಡುವೆ 17.28 ಲಕ್ಷ ವರ್ಷಗಳ ಸಂಧಿಕಾಲಗಳು. ಕೂಡಿಸಿ ನೋಡಿದರೆ ಕಲ್ಪಾರಂಭದಿಂದ ಇಂದಿಗೆ ಸುಮಾರು 197 ಕೋಟಿ ವರ್ಷ ಬರುತ್ತದೆ. ಸೃಷ್ಟಿಗೆ ತಗುಲಿದ ಕಾಲವನ್ನು ಕಳೆಯುವ ಸೂರ್ಯಸಿದ್ಧಾಂತದ ಲೆಕ್ಕದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಭೂಮಿಯ ವಯಸ್ಸಿಗೆ ಹೋಲಿಸಬೇಕಾಗಿದ್ದರೆ ಹೋಲಿಸಬೇಕಾದ ಸಂಖ್ಯೆ ಇದು, ಮತ್ತು ಇದು ಹೊಂದುವುದಿಲ್ಲ.

ಹೊಂದಿದ್ದರೂ ಅದರಿಂದ ಏನೂ ಸಿದ್ಧವಾಗುತ್ತಿರಲಿಲ್ಲ, ಏಕೆಂದರೆ ಸಂಖ್ಯೆ ಒಂದೇ ಆದರೆ ಸಾಲದು, ಅದನ್ನು ಅರಿತ ದಾರಿಯೂ ಒಂದೇ ಆಗಬೇಕು. ಮಲ್ಪೆಯಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿ ಒತ್ತೊತ್ತಾಗಿ ನಿಂತ ಕಂಬದಾಕಾರದ ಕಲ್ಲುಗಳನ್ನು ನೋಡಿರುತ್ತೀರಿ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ತಣ್ಣಗಾಗುತ್ತ ಸೀಳಿ ಆದ ಕಲ್ಲುಗಳು ಅವು, ವಯಸ್ಸು ಸುಮಾರು 9 ಕೋಟಿ ವರ್ಷ. ಈ ಲೆಕ್ಕ ಬಂದದ್ದು ಹೀಗೆ: ಕಲ್ಲಿನಲ್ಲಿರುವ ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಸುಮಾರು 125 ಕೋಟಿ ವರ್ಷ ಬೇಕು, ಕ್ಷಯಿಸಿದವುಗಳಲ್ಲಿ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಕಲ್ಲು ಕರಗಿದ್ದಾಗ ಆ ಅನಿಲ ಹಾರಿಹೋಗಿರುತ್ತದೆ, ಗಟ್ಟಿಯಾದ ಮೇಲೆ ಒಳಗೇ ಸೆರೆಯಾಗಿ ಉಳಿಯುತ್ತದೆ. ಉಳಿದದ್ದನ್ನು ಅಳೆದರೆ ಕಾಲ ತಿಳಿಯುತ್ತದೆ. ಇಡೀ ಭೂಮಿಯ ವಯಸ್ಸನ್ನು 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸವನ್ನು ಅಳೆದು ಇದೇ ಬಗೆಯ ತರ್ಕದಿಂದ ಪಡೆದರು. ಅಳತೆ ತಪ್ಪಿದ್ದರೆ ಇನ್ನೊಬ್ಬರು ತೋರಿಸಿಕೊಡಬಹುದು. ಕಲ್ಪದ ಲೆಕ್ಕಕ್ಕೆ ಇಂಥ ಆಧಾರವಿಲ್ಲ. ಅದರ ಹಿರಿಮೆ ಬೇರೆ. ಮನುಷ್ಯನ ಆಯುಸ್ಸಿನ ಮುಂದೆ ಕಾಲ ಎಷ್ಟು ದೊಡ್ಡದಿರಬಹುದೆಂದು ಅಳುಕಿಲ್ಲದೆ ಊಹಿಸಿದ ಧೈರ್ಯ ಅದರಲ್ಲಿದೆ.

ಮಹಾಸ್ಫೋಟದ ಮಾತಿಗೆ ಬಂದರೆ, ವಿಶ್ವವು ಸುಮಾರು 1380 ಕೋಟಿ ವರ್ಷಗಳ ಹಿಂದೆ ಅತ್ಯಂತ ಬಿಸಿಯಾಗಿ, ಸಾಂದ್ರವಾಗಿ ಇತ್ತು ಮತ್ತು ಅಂದಿನಿಂದ ಹಿಗ್ಗುತ್ತ ತಣಿಯುತ್ತ ಬಂದಿದೆ ಎಂಬುದಕ್ಕೆ ಗಟ್ಟಿ ಪುರಾವೆಗಳಿವೆ. 1965ರಲ್ಲಿ ಪೆನ್ಝಿಯಾಸ್ ಮತ್ತು ವಿಲ್ಸನ್ ಪತ್ತೆ ಹಚ್ಚಿದ, ಎಲ್ಲ ದಿಕ್ಕಿನಿಂದಲೂ ಬರುವ 2.7 ಕೆಲ್ವಿನ್ ತಾಪದ ಮಂದ ವಿಕಿರಣ ಅವುಗಳಲ್ಲಿ ಮುಖ್ಯವಾದುದು. ಆದರೆ ಆ ಸಿದ್ಧಾಂತ ಹೇಳುವುದು ಆ ಬಿಸಿ ಸ್ಥಿತಿಯಿಂದ ಈಚಿನ ಕಥೆಯನ್ನು. ಮೊತ್ತಮೊದಲು ಏನಿತ್ತು, ಏಕಾದರೂ ಇತ್ತು ಎಂಬುದಕ್ಕೆ ಅದು ಬಾಯಿ ಹಾಕುವುದಿಲ್ಲ. ಋಗ್ವೇದದ ಹಿರಣ್ಯಗರ್ಭಸೂಕ್ತವು ಭೂತಜಾತಕ್ಕೆಲ್ಲ ಒಡೆಯನಾಗಿ ಮೊದಲು ಮೂಡಿದ ದೇವನನ್ನು ಸ್ತುತಿಸಿ, ಯಾವ ದೇವನಿಗೆ ಹವಿಸ್ಸನ್ನು ಅರ್ಪಿಸೋಣ ಎಂದು ಋಕ್ಕಿನಿಂದ ಋಕ್ಕಿಗೆ ಕೇಳುತ್ತ ಹೋಗುತ್ತದೆ. ಹಿಗ್ಗುವ ವಿಶ್ವ, ತಣಿಯುವ ವಿಕಿರಣ ಇವುಗಳನ್ನು ಅದರೊಳಗೆ ತುರುಕುವುದು ಆ ಕವಿಗೂ ಅನ್ಯಾಯ. ನಾಸದೀಯಸೂಕ್ತದ ಏಳು ಋಕ್ಕುಗಳಂತೂ, ಈ ಸೃಷ್ಟಿ ಎಲ್ಲಿಂದ ಬಂತೆಂದು ಪರಮವ್ಯೋಮದಲ್ಲಿರುವ ಅಧ್ಯಕ್ಷನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿರಲಿಕ್ಕಿಲ್ಲ ಎಂದು ಮುಗಿಯುತ್ತವೆ. ಇಂಥ ಸೂಕ್ತವನ್ನು ಉತ್ತರಪತ್ರಿಕೆಯಂತೆ ಓದಿದರೆ ಅದರ ಜೀವವೇ ಹೋಗುತ್ತದೆ.

ಇದು ನಮ್ಮಲ್ಲಿ ಮಾತ್ರ ಕಾಣುವ ಚಪಲವೂ ಅಲ್ಲ. ವಿಶ್ವ ಒಂದು ‘ಆದಿಪರಮಾಣು’ವಿನಿಂದ ವಿಕಾಸವಾಯಿತೆಂಬ ಕಲ್ಪನೆಯನ್ನು 1931ರಲ್ಲಿ ಮುಂದಿಟ್ಟ ಜಾರ್ಜ್ ಲೆಮೇತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಈ ಬಗೆಯ ವಿಜ್ಞಾನ ದೈವಸೃಷ್ಟಿಗೆ ಸಾಕ್ಷ್ಯ ಒದಗಿಸುತ್ತಿದೆ ಎಂಬರ್ಥದ ಭಾಷಣ ಮಾಡಿದಾಗ ಅದರಿಂದ ಕಸಿವಿಸಿಗೊಂಡವರು ಲೆಮೇತ್ರ್. ತನ್ನ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳಿಂದ ಹೊರಗಿನದು ಎಂಬುದು ಅವರ ನಿಲುವಾಗಿತ್ತು.

ಅವರ ಎಚ್ಚರಕ್ಕೆ ಸಮನಾದದ್ದು ನಮ್ಮ ಶಾಸ್ತ್ರದಲ್ಲೇ ಇದೆ, ಮತ್ತು ನಾನು ಈ ಉತ್ತರದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದೂ ಅದನ್ನೇ. ‘ಅಪ್ರಾಪ್ತೇ ಶಾಸ್ತ್ರಮರ್ಥವತ್’ ಎಂಬುದು ಮೀಮಾಂಸೆಯ ನಿಯಮ. ಬೇರೆ ಪ್ರಮಾಣಗಳಿಂದ ದೊರಕದ ವಿಷಯದಲ್ಲಿ ಮಾತ್ರ ಶಾಸ್ತ್ರಕ್ಕೆ ಸಾರ್ಥಕ್ಯ, ಪ್ರತ್ಯಕ್ಷದಿಂದ ಮತ್ತು ಕಂಡದ್ದರಿಂದ ಕಾಣದ್ದನ್ನು ತರ್ಕಿಸುವ ಅನುಮಾನದಿಂದ ತಿಳಿಯುವುದನ್ನೇ ಅದು ಹೇಳಿದರೆ ಆ ಮಾತು ಬರಿಯ ಅನುವಾದ, ಅಂದರೆ ಗೊತ್ತಿದ್ದದ್ದನ್ನೇ ಮತ್ತೆ ಹೇಳುವುದು. ಹೀಗಾಗಿ ದೂರದರ್ಶಕದಿಂದ ಗೊತ್ತಾಗುವುದನ್ನು ವೇದ ಮೊದಲೇ ಹೇಳಿತ್ತು ಎಂದು ಹೊಗಳುವವರು, ತಮಗರಿವಿಲ್ಲದೆ, ಆ ಭಾಗಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲ ಎಂದು ಹೇಳಿದಂತಾಗುತ್ತದೆ. ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂದು ಶಂಕರರು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಮಧ್ವರು ಇನ್ನೂ ಮುಂದೆ ಹೋಗಿ, ಆಗಮ, ಅಂದರೆ ಶಾಸ್ತ್ರವಾಕ್ಯ, ಯಾವ ಪ್ರಮಾಣವನ್ನು ಆಶ್ರಯಿಸಿ ನಿಂತಿದೆಯೋ ಆ ಉಪಜೀವ್ಯವನ್ನು ಅದು ವಿರೋಧಿಸಲಾಗದು ಎಂಬುದನ್ನೇ ತಮ್ಮ ವಾದದ ಬುಡದಲ್ಲಿಟ್ಟರು. ಪ್ರಮಾಣದ ಗಡಿಗಳ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿದ್ದ ಪರಂಪರೆಗೆ ಪ್ರಯೋಗಾಲಯದ ಶಿಫಾರಸು ಪತ್ರ ಬೇಕಿಲ್ಲ.

ಕ್ವಾಂಟಮ್ ವಿಷಯದಲ್ಲಿ ಗೊಂದಲ ಹುಟ್ಟಿದ್ದಕ್ಕೆ ಭೌತವಿಜ್ಞಾನಿಗಳೂ ಸ್ವಲ್ಪ ಮಟ್ಟಿಗೆ ಹೊಣೆ. ಅಳತೆ ನಡೆಯುವವರೆಗೆ ಕಣವೊಂದು ಹಲವು ಸಾಧ್ಯತೆಗಳ ಬೆರಕೆಯಾಗಿರುತ್ತದೆ, ಅಳೆದಾಗ ಒಂದೇ ಫಲ ಸಿಗುತ್ತದೆ. ಈ ಬದಲಾವಣೆ ವೀಕ್ಷಕನ ಪ್ರಜ್ಞೆಯಿಂದ ಆಗುತ್ತದೆ ಎಂದು 1961ರಲ್ಲಿ ಯೂಜೀನ್ ವಿಗ್ನರ್ ಗಂಭೀರವಾಗಿಯೇ ವಾದಿಸಿದ್ದರು, ಮುಂದೆ ಅವರೇ ಅದನ್ನು ಕೈಬಿಟ್ಟರು. ಆ ವಾದ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಮುಂದೆ ವಿಯೆನ್ನಾದಲ್ಲಿ ನಡೆದ ಒಂದು ಪ್ರಯೋಗ ನೋಡಿ. ಎಪ್ಪತ್ತು ಇಂಗಾಲದ ಪರಮಾಣುಗಳಿರುವ ಫುಲ್ಲರೀನ್ ಅಣುಗಳನ್ನು ಸೂಕ್ಷ್ಮ ಜಾಲರಿಗಳ ಮೂಲಕ ಹಾಯಿಸಿದರೆ ಅವು ಅಲೆಗಳಂತೆ ವರ್ತಿಸಿ ಪಟ್ಟೆಗಳ ವಿನ್ಯಾಸ ಮೂಡಿಸುತ್ತವೆ. ಅಣುಗಳನ್ನು ಹಾಯಿಸುವ ಮೊದಲು ಲೇಸರ್‌ನಿಂದ ಹೆಚ್ಚು ಹೆಚ್ಚು ಕಾಯಿಸುತ್ತ ಹೋದಂತೆ ಪಟ್ಟೆಗಳು ಮಸುಕಾಗಿ ಕೊನೆಗೆ ಅಳಿಸಿಹೋಗುತ್ತವೆ. ಕಾದ ಅಣು ತನ್ನ ದಾರಿಯಲ್ಲಿ ಬೆಳಕಿನ ಕಣಗಳನ್ನು ಹೊರಸೂಸುತ್ತದೆ, ತಾನು ಎಲ್ಲಿದ್ದೆನೆಂಬ ಸುಳಿವು ಅವುಗಳೊಂದಿಗೆ ಹೊರಗೆ ಸೋರಿಹೋಗುತ್ತದೆ, ಅಷ್ಟಕ್ಕೇ ಅಲೆಯ ಗುಣ ಮರೆಯಾಗುತ್ತದೆ. ಆ ಬೆಳಕನ್ನು ಯಾರೂ ನೋಡಿರಲಿಲ್ಲ. 2004ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ‘ವೀಕ್ಷಕ’ನ ಕೆಲಸವನ್ನು ಮಾಡಿದ್ದು ಸುತ್ತಲಿನ ಜಡ ಪರಿಸರ. ಹಲವು ಸಾಧ್ಯತೆಗಳಲ್ಲಿ ನಿರ್ದಿಷ್ಟವಾಗಿ ಒಂದೇ ಏಕೆ ಫಲಿಸುತ್ತದೆ ಎಂಬ ಪ್ರಶ್ನೆ ಇದರಿಂದ ಪೂರ್ತಿ ಬಗೆಹರಿಯುವುದಿಲ್ಲ, ಆದರೆ ನೋಡುವ ಮನಸ್ಸು ಬೇಕೇಬೇಕು ಎನ್ನಲು ಆಧಾರವೂ ಉಳಿಯುವುದಿಲ್ಲ.

ಕ್ವಾಂಟಮ್ ಸಿದ್ಧಾಂತವನ್ನು ಕಟ್ಟಿದವರಲ್ಲೊಬ್ಬರಾದ ಶ್ರೋಡಿಂಗರ್ ವೇದಾಂತಪ್ರಿಯರಾಗಿದ್ದುದು ನಿಜ, ಚೈತನ್ಯ ಒಂದೇ, ಅನೇಕವಲ್ಲ ಎಂದು ಅವರು ಬರೆದದ್ದೂ ನಿಜ. ಆದರೆ ಅವರ 1926ರ ಸಮೀಕರಣ ನಿಂತಿರುವುದು ಹೈಡ್ರೋಜನ್ ಪರಮಾಣುವಿನ ಶಕ್ತಿಮಟ್ಟಗಳನ್ನು ಸರಿಯಾಗಿ ಕೊಟ್ಟಿದ್ದರಿಂದ, ಉಪನಿಷತ್ತಿನ ಬಲದಿಂದಲ್ಲ. ಅವರು ಮೆಚ್ಚಿದ ಏಕಚೈತನ್ಯವನ್ನು ಉಡುಪಿಯ ಸಿದ್ಧಾಂತ ಒಪ್ಪುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು.

ಈಗ ನಿಮ್ಮ ಮಗಳು ತಡೆದು ಯೋಚಿಸಬೇಕಾದ ಜಾಗಕ್ಕೆ ಬರೋಣ. ಮಿದುಳು ಬಣ್ಣಗಳನ್ನು ಹೇಗೆ ಬೇರ್ಪಡಿಸುತ್ತದೆ, ಗಮನವನ್ನು ಹೇಗೆ ತಿರುಗಿಸುತ್ತದೆ ಎಂಬಂಥ ಪ್ರಶ್ನೆಗಳಿಗೆ ನರವಿಜ್ಞಾನ ಒಂದೊಂದಾಗಿ ಉತ್ತರ ಕೊಡುತ್ತಿದೆ. ಆದರೆ ಇಷ್ಟೆಲ್ಲ ಸಂಸ್ಕರಣೆ ನಡೆಯುವಾಗ ಜೊತೆಗೆ ಒಂದು ಅನುಭವವೂ ಏಕೆ ಇರಬೇಕು, ಕತ್ತಲಲ್ಲೇ ಎಲ್ಲ ನಡೆದುಹೋಗಬಹುದಿತ್ತಲ್ಲ ಎಂಬುದನ್ನು ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ 1995ರಲ್ಲಿ ‘ಕಠಿಣ ಸಮಸ್ಯೆ’ ಎಂದು ಕರೆದರು. 1998ರಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಕ್, ಚೈತನ್ಯಕ್ಕೆ ಮೂಲವಾದ ಮಿದುಳಿನ ಗುರುತುಗಳು 25 ವರ್ಷಗಳೊಳಗೆ ಸ್ಪಷ್ಟವಾಗುತ್ತವೆ ಎಂದು ಅವರೊಂದಿಗೆ ಪಣ ಕಟ್ಟಿದರು. 2023ರಲ್ಲಿ ಸೋಲೊಪ್ಪಿ ವೈನ್ ಬಾಟಲಿಗಳನ್ನು ಒಪ್ಪಿಸಿದರು.

ಈ ಸಮಸ್ಯೆಯ ಅಂಚನ್ನು ನಮ್ಮವರು ತಮ್ಮದೇ ರೀತಿಯಲ್ಲಿ ಗುರುತಿಸಿದ್ದರು. ಸಾಂಖ್ಯ ಮತ್ತು ವೇದಾಂತಗಳಲ್ಲಿ ಮನಸ್ಸು, ಬುದ್ಧಿ, ಅಹಂಕಾರ ಇವೆಲ್ಲ ಪ್ರಕೃತಿಯ ವಿಕಾರಗಳು, ಅಂದರೆ ಜಡ. ನೆನಪು, ಲೆಕ್ಕಾಚಾರ, ನಿರ್ಧಾರ ಇವು ಯಂತ್ರಕ್ಕೂ ಸಾಧ್ಯವೆಂದರೆ ಸಾಂಖ್ಯನಿಗೆ ಆಶ್ಚರ್ಯವಾಗಬೇಕಿಲ್ಲ. ಅವನು ಬೇರೆಯಾಗಿ ಇಡುವುದು ಇವೆಲ್ಲ ಯಾರಿಗೆ ತೋರುತ್ತವೆಯೋ ಆ ಅರಿವನ್ನು. ಮಧ್ವರು ಈ ಅರಿವಿನ ಕರಣವನ್ನು ಸಾಕ್ಷಿ ಎಂದರು. ಸಾಕ್ಷಿ ಜೀವಾತ್ಮನ ಸ್ವರೂಪೇಂದ್ರಿಯ, ಅಂದರೆ ಅವನ ಸ್ವರೂಪವೇ ಆದ ಇಂದ್ರಿಯ, ಪ್ರತಿ ಜೀವನಿಗೂ ಬೇರೆ ಬೇರೆ. ಸುಖದುಃಖಗಳನ್ನು, ಅಜ್ಞಾನವನ್ನು, ಕಾಲವನ್ನು ಅದು ನೇರವಾಗಿ ಅರಿಯುತ್ತದೆ. ಒಂದು ಜ್ಞಾನ ಯಥಾರ್ಥವೆಂಬ ನಿಶ್ಚಯವೂ ಅದರದೇ. ಕ್ವಾಂಟಮ್ ಅಳತೆಗೂ ಇದಕ್ಕೂ ಏನೇನೂ ಸಂಬಂಧವಿಲ್ಲ, ಏಕೆಂದರೆ ಸಾಕ್ಷಿ ಇರುವುದನ್ನು ಅರಿಯುತ್ತದೆಯೇ ಹೊರತು ಹೊಸದನ್ನು ಹುಟ್ಟಿಸುವುದಿಲ್ಲ.

ಸಾಕ್ಷಿಗೆ ಪುರಾವೆಯಾಗಿ ಕೊಡುವ ವಾದಗಳಲ್ಲಿ ನನಗೆ ಅತ್ಯಂತ ಸ್ವಾರಸ್ಯಕರವೆನಿಸಿರುವುದು ಗಾಢನಿದ್ರೆಯದು. ಎದ್ದವನು ‘ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ’ ಎನ್ನುತ್ತಾನೆ. ಅನುಭವಿಸದ್ದನ್ನು ಸ್ಮರಿಸಲಾಗದು, ಆದ್ದರಿಂದ ನಿದ್ರೆಯಲ್ಲೂ ಅರಿವು ಇದ್ದಿರಲೇಬೇಕು ಎಂದು ವೇದಾಂತಿಗಳು ಹೇಳುತ್ತಾರೆ. ಅದ್ವೈತಿಗಳಿಗೆ ಇಲ್ಲಿ ಮುಖ್ಯವಾದದ್ದು ‘ಏನೂ ತಿಳಿಯಲಿಲ್ಲ’ ಎಂಬ ಅಜ್ಞಾನದ ಅನುಭವ, ಮಾಧ್ವರಿಗೆ ‘ಇಷ್ಟು ಹೊತ್ತು’ ಎಂಬ ಕಾಲದ ಅನುಭವವೂ ಅಷ್ಟೇ ಮುಖ್ಯ. ನೈಯಾಯಿಕನ ಆಕ್ಷೇಪವೂ ಚುರುಕಾಗಿದೆ. ಅದು ಸ್ಮರಣೆಯಲ್ಲ, ಎದ್ದಾಗಿನ ಮೈಹಗುರವನ್ನು ನೋಡಿ ಮಾಡಿದ ಅನುಮಾನ ಎನ್ನುತ್ತಾನೆ ಅವನು.

ಇಂದಿನ ಆಸ್ಪತ್ರೆಯಲ್ಲಿ ಈ ವಾದಕ್ಕೆ ಒಂದು ಹೊಸ ಉದಾಹರಣೆ ಸಿಕ್ಕಿದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಗಾಗಿ ನನಗೆ ಪೂರ್ಣ ಅರಿವಳಿಕೆ ಕೊಟ್ಟಾಗ, ಉಸಿರು ಎಳೆದುಕೊಳ್ಳಿ ಎಂದ ದನಿಗೂ ಕಣ್ಣು ತೆರೆಯಿರಿ ಎಂದ ದನಿಗೂ ನಡುವೆ ಒಂದು ಕ್ಷಣವೂ ಇರಲಿಲ್ಲ. ಗಡಿಯಾರದಲ್ಲಿ ಮಾತ್ರ ಹೊತ್ತು ಕಳೆದಿತ್ತು. ಹಲವರು ಹೀಗೇ ಹೇಳುತ್ತಾರೆ, ಕನಸು ಕಂಡೆವೆನ್ನುವವರೂ ಇದ್ದಾರೆ. ರಾತ್ರಿಯ ನಿದ್ರೆಯಲ್ಲಿ ‘ಇಷ್ಟು ಹೊತ್ತು’ ಎಂಬ ಅಂದಾಜು ಉಳಿದು ಅರಿವಳಿಕೆಯಲ್ಲಿ ಅದು ಅಳಿಸಿಹೋಗುವುದಾದರೆ, ಕಾಲದ ಅರಿವು ಮಿದುಳಿನ ಸ್ಥಿತಿಯನ್ನು ಅವಲಂಬಿಸಿದೆ ಎಂದು ನರವಿಜ್ಞಾನಿ ಹೇಳುತ್ತಾನೆ. ಸಾಕ್ಷಿ ಇತ್ತು, ಎಚ್ಚರಕ್ಕೆ ಬಂದ ಮನಸ್ಸಿಗೆ ಅದನ್ನು ದಾಟಿಸುವ ಸಂಸ್ಕಾರ, ಅಂದರೆ ನೆನಪಿಗೆ ಬೇಕಾದ ಅಚ್ಚು, ಮೂಡಲಿಲ್ಲ ಎಂದು ವೇದಾಂತಿ ಹೇಳಬಹುದು. ಆದರೆ ಹಾಗೆ ಹೇಳಿದ ಕೂಡಲೇ ಎದ್ದವನ ಮಾತನ್ನು ಪುರಾವೆಯಾಗಿ ಬಳಸುವ ಅವನ ಮೂಲವಾದ ಸಡಿಲವಾಗುತ್ತದೆ. ಈ ಇಕ್ಕಟ್ಟನ್ನು ಎರಡೂ ಕಡೆಯವರು ಎದುರಿಸಬೇಕು.

ಹೊರಗಿನ ಲಕ್ಷಣ ನೋಡಿ ಅರಿವಿಲ್ಲ ಎಂದು ತೀರ್ಮಾನಿಸುವುದೂ ಅಪಾಯಕರ. 2006ರಲ್ಲಿ ಏಡ್ರಿಯನ್ ಓವನ್ ಮತ್ತು ಸಹೋದ್ಯೋಗಿಗಳು, ಅಪಘಾತದ ನಂತರ ಯಾವ ಪ್ರತಿಕ್ರಿಯೆಯನ್ನೂ ತೋರದೆ ಮಲಗಿದ್ದ ಯುವತಿಯೊಬ್ಬಳನ್ನು ಸ್ಕ್ಯಾನರಿನೊಳಗಿಟ್ಟು, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದರು. ಆರೋಗ್ಯವಂತರು ಹಾಗೆ ಕಲ್ಪಿಸಿಕೊಂಡಾಗ ಚುರುಕಾಗುವ ಮಿದುಳಿನ ಭಾಗವೇ ಅವಳಲ್ಲೂ ಚುರುಕಾಯಿತು. ಗಾಢನಿದ್ರೆಯ ಸಂಶೋಧನೆಯಲ್ಲೂ ಇದೇ ಬಗೆಯ ತಿರುವು ಬಂದಿದೆ. ಕನಸಿಲ್ಲವೆಂದು ಭಾವಿಸಿದ್ದ ಹಂತದಲ್ಲಿ ಎಬ್ಬಿಸಿ ಕೇಳಿದಾಗ, ಏನೂ ಇರಲಿಲ್ಲ ಎನ್ನುವವರ ಜೊತೆಗೆ, ಏನೋ ಅನುಭವವಿತ್ತು, ಏನೆಂದು ಮಾತ್ರ ನೆನಪಿಲ್ಲ ಎನ್ನುವವರೂ ಸಿಗುತ್ತಾರೆ. ಇವರ ಈ ಎರಡನೆಯ ಹೇಳಿಕೆ ಸ್ಮರಣೆಯೋ ಅನುಮಾನವೋ ಎಂದು ಸಂಶೋಧಕರು ಇಂದು ಚರ್ಚಿಸುವಾಗ ನೈಯಾಯಿಕರೂ ವೇದಾಂತಿಗಳೂ ಎತ್ತಿದ್ದ ಪ್ರಶ್ನೆಯೇ ಮತ್ತೆ ಮೇಜಿನ ಮೇಲಿದೆ. ಒಬ್ಬರು ಇನ್ನೊಬ್ಬರನ್ನು ‘ಒಪ್ಪಿಕೊಂಡರು’ ಎಂದು ಘೋಷಿಸುವುದಕ್ಕಿಂತ ಇಂಥ ಕಡೆ ಜೊತೆಗೆ ಕುಳಿತು ವಾದಿಸುವುದರಲ್ಲಿ ಹೆಚ್ಚು ಲಾಭವಿದೆಯೆಂದು ನಾನು ನಂಬಿದ್ದೇನೆ.

ಚೈತನ್ಯ ಮೊದಲೋ ಜಡ ಮೊದಲೋ ಎಂಬ ನಿಮ್ಮ ಮೂಲ ಪ್ರಶ್ನೆಗೆ ಬಂದರೆ, ವಿಜ್ಞಾನದ ಕಾಲಾನುಕ್ರಮದಲ್ಲಿ ನಕ್ಷತ್ರಗಳು ಮೊದಲು, ಭೂಮಿ ನಂತರ, ಮಿದುಳುಳ್ಳ ಪ್ರಾಣಿಗಳು ತೀರಾ ಈಚೆಗೆ. ಇದರಲ್ಲಿ ಸಂಶಯವಿಲ್ಲ. ಆದರೆ ಇದು ಮಿದುಳಿನ ಇತಿಹಾಸ. ಅನುಭವವೆಂಬುದು ಮಿದುಳಿನ ವ್ಯಾಪಾರವೇ ಹೌದೆಂದು ಸಿದ್ಧವಾದರೆ ಮಾತ್ರ ಇದೇ ಚೈತನ್ಯದ ಇತಿಹಾಸವೂ ಆಗುತ್ತದೆ, ಆ ಕೊಂಡಿ ಇನ್ನೂ ಬೆಸೆದಿಲ್ಲ. ಅದ್ವೈತಿಗೆ ಚೈತನ್ಯ ಕಾಲಕ್ಕೇ ಆಧಾರವಾದ್ದರಿಂದ, ಕಾಲದಲ್ಲಿ ಮೊದಲು ಎಂಬ ಮಾತು ಅದಕ್ಕೆ ತಗುಲುವುದಿಲ್ಲ. ಮಾಧ್ವನಿಗೆ ಜೀವರೂ ಪ್ರಕೃತಿಯೂ ಅನಾದಿ, ಸೃಷ್ಟಿಯೆಂದರೆ ಇದ್ದದ್ದಕ್ಕೇ ಈಶ್ವರಾಧೀನವಾಗಿ ಹೊಸ ವಿಶೇಷವೊಂದು ಒದಗುವುದು, ಅದನ್ನವರು ಪರಾಧೀನವಿಶೇಷಾಪ್ತಿ ಎನ್ನುತ್ತಾರೆ. ಆದ್ದರಿಂದ ಇವೆರಡರಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ ಉಡುಪಿಯ ಸಿದ್ಧಾಂತ ಕೊಡುವ ಉತ್ತರ, ಯಾವುದೂ ಅಲ್ಲ ಎಂದೇ.